ಹಳದಿ ಕ್ಯಾಸೆಟ್ಟಿನ ಖರೀದಿ ಪತ್ರ

ಅರ್ಧ ಗಂಟೆಯ ಕೆಲಸ! ಹಾಗೆಂದು ಅಕ್ಕನ ಮುಂದೆ ಎದೆ ತಟ್ಟಿ ಹೇಳಿದ್ದೆ.

“ಈ ಭಾವುಬೀಜಕ್ಕ ನಿನ್ನ ಸೇತುವಿ ಆಟ ನಿನ್ನ ಕೈಯಾಗ ಇಡ್ತೀನಿ. ನೋಡ್ಕೋತ ಇರು!”

ಇದರ ಹಿಂದೆ ಒಂದು ಹಳೆಯ ಅಪರಾಧವಿದೆ. ಅಪರಾಧಿ ನಾನೇ. ಆಗ ನನಗೆ ನಾಲ್ಕು ವರ್ಷ. ಬಾಯಿ ಇರುವುದಕ್ಕೆಲ್ಲ ಹಸಿವಾಗುತ್ತದೆ ಎಂದು ನಂಬಿದ್ದ ವಯಸ್ಸು. ಅಕ್ಕನ ವಿಡಿಯೋ ಗೇಮ್ ಯಂತ್ರಕ್ಕೆ ಒಂದು ಅಗಲವಾದ ಬಾಯಿ ಇತ್ತು. ಅದರೊಳಗೆ ಹಳದಿ ಕ್ಯಾಸೆಟ್ ಸಿಕ್ಕಿಸಿದ ಮೇಲೂ ಪಕ್ಕದಲ್ಲಿ ಒಂದಿಷ್ಟು ಸಂದು ಉಳಿಯುತ್ತಿತ್ತು. ನನ್ನ ಕೈಯಲ್ಲಿ ಚಕ್ಕುಲಿ ಇತ್ತು. ತಿನ್ನಿಸಿದೆ.

ಸರಿಯಾಗಿ ಅದೇ ಗಳಿಗೆಯಲ್ಲಿ ಹನ್ನೆರಡು ವರ್ಷದ ಅಕ್ಕ, ಜೀವನದಲ್ಲಿ ಮೊದಲ ಸಲ, ಸೇತುವೆಗಳನ್ನೆಲ್ಲ ಹಾರಿ ಕೊನೆಯ ಕೋಟೆಯ ಬಾಗಿಲಿಗೆ ಬಂದು ನಿಂತಿದ್ದಳು. ಟೀವಿ ಒಮ್ಮೆ ಕುಕ್ಕರಿನಂತೆ ಸೀಟಿ ಹೊಡೆದು ಬೆಳ್ಳಗಾಯಿತು. ಯಂತ್ರ ಮತ್ತೆ ಏಳಲಿಲ್ಲ, ಕ್ಯಾಸೆಟ್ ಸಮೇತ ಗುಜರಿಗೆ ಹೋಯಿತು. ಕೋಟೆಯೊಳಗೆ ಏನಿತ್ತು ಎಂಬುದು ಅಕ್ಕನಿಗೆ ಗೊತ್ತಾಗಲೇ ಇಲ್ಲ.

ಅಂದಿನಿಂದ ಇಪ್ಪತ್ಮೂರು ವರ್ಷ, ದೀಪಾವಳಿಯ ಭಾವುಬೀಜದ ದಿನ ನನಗೆ ಆರತಿ ಎತ್ತುವ ಮುಂಚೆ ಅಕ್ಕ ತಟ್ಟೆಯಿಂದ ಒಂದು ಚಕ್ಕುಲಿ ಎತ್ತಿ ಹಿಡಿಯುತ್ತಾಳೆ. “ಬಂಧುಗಳೇ, ಇದು ಕೊಲೆಗೆ ಬಳಸಿದ ಆಯುಧ” ಎನ್ನುತ್ತಾಳೆ. ಬಂಧುಗಳು ನಗುತ್ತಾರೆ. ಮುಂಬಯಿಯಿಂದ ಮೊದಲ ಸಲ ಬಂದ ಬಂಧುಗಳಿಗೆ ಕಥೆಯನ್ನು ಮೊದಲಿನಿಂದ ಹೇಳಲಾಗುತ್ತದೆ. ನನ್ನ ಹೆಸರು ಪವನ. ನಮ್ಮ ಬಳಗದಲ್ಲಿ ಅದು ಯಾರಿಗೂ ನೆನಪಿಲ್ಲ. ನಾನು ‘ಚಕ್ಲಿ’.

ಈ ವರ್ಷ ಒಪ್ಪಂದವಾಯಿತು. ನಾನು ಆಟ ತಂದುಕೊಟ್ಟು ಅಕ್ಕ ಆ ಕೋಟೆಯ ಒಳಗೆ ಹೋದರೆ, ಮುಂದೆ ಈ ಜನ್ಮದಲ್ಲಿ ಚಕ್ಕುಲಿಯ ಹೆಸರೆತ್ತುವಂತಿಲ್ಲ.

ಲ್ಯಾಪ್‌ಟಾಪ್ ಬಿಚ್ಚಿದೆ. ಎಮ್ಯುಲೇಟರ್ ಎಂಬ ಪ್ರೋಗ್ರಾಂ ಹಾಕಿಕೊಂಡೆ. ಎಮ್ಯುಲೇಟರ್ ಎಂದರೆ ಇವತ್ತಿನ ಕಂಪ್ಯೂಟರ್ ಹಳೆಯ ಯಂತ್ರದ ಮಿಮಿಕ್ರಿ ಮಾಡುವುದು. ಅಂದರೆ ನನ್ನ ಕುಲಬಾಂಧವ! ನಾನೂ ನಮ್ಮ ಮ್ಯಾನೇಜರರಿಂದ ಹಿಡಿದು ಸೊಸೈಟಿಯ ಲಿಫ್ಟಿನವರೆಗೆ ಎಲ್ಲರ ದನಿ ತೆಗೆಯುತ್ತೇನೆ. ಮಿಮಿಕ್ರಿ ಕಲಾವಿದ ಸಿದ್ಧ, ಇನ್ನು ಬೇಕಾದದ್ದು ಆಟ ಮಾತ್ರ. ಯಾವುದೋ ಜಾಲತಾಣದಲ್ಲಿ ಅದು ಪುಕ್ಕಟೆ ಬಿದ್ದಿತ್ತು. ಒತ್ತಲು ಬೆರಳು ಎತ್ತಿದೆ.

“ಹ್ಞಾಂ...”

ಹಿಂದಿನಿಂದ ಗಂಟಲು ಸರಿಪಡಿಸಿಕೊಂಡ ಸದ್ದು. ಮಾಮಾ! ಮಾಮಾ ಎಂದರೆ ಅಕ್ಕನ ಗಂಡ. ಪುಣೆಯ ಕೋರ್ಟಿನ ಎದುರಿಗೆ ನೋಟರಿ. ರಸ್ತೆ ಖಾಲಿಯಿದ್ದರೂ ಕೆಂಪು ದೀಪ ಕಂಡರೆ ನಡೆದು ಹೋಗುವಾಗಲೂ ನಿಲ್ಲುವ ಮನುಷ್ಯ. ನಾನು ಅವರ ಮನೆಯಲ್ಲಿ ತಾತ್ಕಾಲಿಕವಾಗಿ ಇದ್ದೇನೆ. ನಾಲ್ಕು ವರ್ಷದಿಂದ ತಾತ್ಕಾಲಿಕವಾಗಿ.

“ಪವನ, ಸದರಿ ಆಟದ ಮಾಲಕರು ಯಾರು?”

“ಭಾಳ ಹಳೇದು ಮಾಮಾ. ಮಾಲಕರಿಗೂ ಮರ್ತಿರಬೇಕು.”

“ನಿಮ್ಮ ಅಜ್ಜನ ಹೊಲಾನೂ ಹಳೇದು. ಯಾರರ ಬಂದು ರಂಟಿ ಹೊಡೀಲಿಕ್ಕೆ ಹತ್ತಿದ್ರ ಸುಮ್ಮನಿರ್ತೀಯೇನು?”

“ಹಂಗಾರ ಈ ಎಮ್ಯುಲೇಟರ್ರೂ ತಪ್ಪೇನ್ರಿ?”

“ಅದು ಬರೇ ಅನುಕರಣೆ. ನೀ ನನ್ನ ದನಿ ತಗೀತಿ. ಅದು ಗುನ್ಹೆ ಅಲ್ಲ, ಸಂಸ್ಕಾರದ ಕೊರತೆ. ಆದರ ನನ್ನ ಕೋಟು ಕದ್ದು ಹಾಕ್ಕೊಂಡಿ ಅಂದ್ರ ಅದು ಗುನ್ಹೆ. ಆಟ ಅಂದ್ರ ಕೋಟು.”

ಹೀಗೆ ಸೋಫಾದ ಮೇಲೆ ನ್ಯಾಯಾಲಯ ನಡೆದು ತೀರ್ಪು ಹೊರಬಿತ್ತು. ಅಸಲಿ ಕ್ಯಾಸೆಟ್ ಖರೀದಿಸಬೇಕು. ಅದರೊಳಗಿನ ಆಟವನ್ನು ನಾವೇ, ನಮ್ಮ ಬಳಕೆಗೆ ಮಾತ್ರ, ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. “ಇದೂ ವಾದಕ್ಕ ಬಿಟ್ಟ ವಿಷಯ” ಎಂದರು ಮಾಮಾ. “ಆದರ ಕದಿಯೋದಕ್ಕಿಂತ ಪಾಡು. ಮುಖ್ಯ ಅಂದ್ರ ಮಾಲಕಿ ಹಕ್ಕಿನ ಕಾಗದ ಕೈಯಾಗ ಇರಬೇಕು.”

ಅಡುಗೆಮನೆಯಿಂದ ಅಕ್ಕ ಕೂಗಿದಳು: “ಅದನ್ನ ಮಾಡಿದ ಕಂಪನಿಯವರು ಈಗೂ ಮಾರ್ತಾರೇನು ಅಂತ ಮೊದಲ ನೋಡ್ರಲಾ!”

“ಇದು ಕಾಯ್ದೆದ ಮಾತು, ನಿನಗ ತಿಳಿಯೂದಿಲ್ಲ” ಎಂದರು ಮಾಮಾ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ದೊಡ್ಡ ಮನುಷ್ಯರ ಹಾಗೆ ನಕ್ಕೆವು. ಆ ನಗೆಯನ್ನು ದಯವಿಟ್ಟು ನೆನಪಿಡಿ.

ಪೇಠೆಯ ಒಂದು ಗಲ್ಲಿಯಲ್ಲಿ ಶಿಂದೆ ಕಾಕಾ ಎಂಬವರ ಹಳೆ ಸಾಮಾನಿನ ಅಂಗಡಿ ಇದೆ. ಕ್ಯಾಸೆಟ್ ಓದುವ ಪುಟ್ಟ ಡಬ್ಬಿಯೊಂದನ್ನು ಆನ್‌ಲೈನಿನಲ್ಲಿ ತರಿಸಿಕೊಂಡು, ಕರಿಕೋಟು ತೊಟ್ಟ ಮಾಮಾರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅಲ್ಲಿ ತಲುಪಿದಾಗ ಒಂದು ಗಂಟೆ ಐದು ನಿಮಿಷ. ಬಾಗಿಲು ಮುಚ್ಚಿತ್ತು. ಬೋರ್ಡು ತೆರೆದಿತ್ತು:

‘ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಬಂದ್. ಬಾಗಿಲು ಬಡಿದರೆ ತೆರೆಯುವುದಿಲ್ಲ. ಎಚ್ಚರವಿದ್ದರೂ ತೆರೆಯುವುದಿಲ್ಲ.’

ಅದರ ಕೆಳಗೆ ಇನ್ನೊಂದು: ‘ಮಾರಿದ ಸಾಮಾನು ವಾಪಸ್ ಇಲ್ಲ. ಮುಖ ಸಣ್ಣ ಮಾಡಿಕೊಂಡು ನಿಂತರೂ ಇಲ್ಲ.’

ಮೂರು ಗಂಟೆ ಕಟ್ಟೆಯ ಮೇಲೆ ಕೂತೆವು. ನಾಲ್ಕಕ್ಕೆ ಬಾಗಿಲು ತೆರೆಯಿತು. ಒಳಗೆ, ಸತ್ತ ಮಿಕ್ಸರ್ ಒಂದರ ಪಕ್ಕದಲ್ಲಿ, ಅದೇ ಹಳದಿ ಕ್ಯಾಸೆಟ್! ಮೇಲೆ ಅದೇ ಸೇತುವೆಯ ಚಿತ್ರ, ಅದೇ ‘9999 ಆಟಗಳು’ ಎಂಬ ಬರಹ. ನನ್ನ ಕಣ್ಣಲ್ಲಿ ನೀರು ಬಂತು. ಧೂಳಿಗೂ ಇರಬಹುದು.

ಶಿಂದೆ ಕಾಕಾರ ಮಾತು ಮರಾಠಿ. ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ, ಬಿಸಿ ಮಾತ್ರ ಅಲ್ಲಿಯದೇ.

“ತಗೊಳ್ಳಿ, ಹೊರಡಿ” ಎಂದರು ಕಾಕಾ.

ಮಾಮಾ ಚೀಲದಿಂದ ಸ್ಟ್ಯಾಂಪ್ ಪೇಪರ್ ತೆಗೆದರು. ರಾತ್ರಿಯೇ ಟೈಪಾಗಿದ್ದ ಖರೀದಿ ಪತ್ರ! ಮನೆ, ಹೊಲ ಮಾರುವಾಗ ಬರೆಯುವಂಥದ್ದು. ಅದರಲ್ಲಿ ಒಂದು ಜಾಗ ಮಾತ್ರ ಖಾಲಿ ಬಿಟ್ಟಿದ್ದರು. ಚತುಸ್ಸೀಮೆ, ಅಂದರೆ ಆಸ್ತಿಯ ನಾಲ್ಕು ದಿಕ್ಕಿನ ಗಡಿ. ಮಾಮಾ ಕನ್ನಡಕ ಏರಿಸಿ ಅಲ್ಲಿಯೇ ನಿಂತು ಬರೆಯತೊಡಗಿದರು: “ಸದರಿ ಕ್ಯಾಸೆಟ್ಟಿನ ಪೂರ್ವಕ್ಕೆ ಕೆಟ್ಟ ಮಿಕ್ಸರ್. ಪಶ್ಚಿಮಕ್ಕೆ ಮುರಿದ ಹಾರ್ಮೋನಿಯಂ. ಉತ್ತರಕ್ಕೆ ಗೋಡೆ. ದಕ್ಷಿಣಕ್ಕೆ...” ತಲೆಯೆತ್ತಿ ನೋಡಿದರು. “ದಕ್ಷಿಣಕ್ಕೆ ಶಿಂದೆ.”

ಕಾಕಾ ತಮ್ಮ ಗಡಿಯಿಂದ ಒಂದು ಹೆಜ್ಜೆ ಮುಂದೆ ಬಂದರು.

“ಏನಿದು?”

“ಇಲ್ಲೊಂದು ಸಹಿ ಮಾಡಿ. ಇದು ಅಸಲಿ ಮಾಲು, ಇದರ ನಿರ್ವಿವಾದ ಮಾಲಕರು ನೀವೇ ಅಂತ.”

“ವಕೀಲ ಸಾಹೇಬ, ನಾನು ಮೂವತ್ತು ವರ್ಷದಿಂದ ಇಲ್ಲಿ ಕೂತಿದ್ದೀನಿ. ನನ್ನ ಮದುವೆಗೂ ಯಾರೂ ಇಷ್ಟು ಕಾಗದ ಕೇಳಿಲ್ಲ! ಪ್ಲಾಸ್ಟಿಕ್ ಡಬ್ಬಿಗೆ ಸ್ಟ್ಯಾಂಪು? ನಡೀರಿ ಆಚೆ!”

ನಡೆದೆವು. ಕ್ಯಾಸೆಟ್ ಮಿಕ್ಸರಿನ ಪಶ್ಚಿಮಕ್ಕೇ ಉಳಿಯಿತು. ಭಾವುಬೀಜಕ್ಕೆ ಇನ್ನೊಂದೇ ವಾರ.

ಮರುದಿನ ಬೆಳಿಗ್ಗೆ ನನಗೊಂದು ಅದ್ಭುತವಾದ ಯೋಚನೆ ಬಂತು. ನನ್ನ ಅದ್ಭುತ ಯೋಚನೆಗಳನ್ನು ಬಲ್ಲವರು ಈ ಮಾತಿಗೇ ಬಾಗಿಲು ಹಾಕಿಕೊಳ್ಳುತ್ತಾರೆ. ಮಾಮಾರ ದನಿಯಲ್ಲಿ ಕಾಕಾಗೆ ಫೋನ್ ಮಾಡಿ ಕ್ಷಮೆ ಕೇಳುವುದು, ‘ಕಾಗದ ಗೀಗದ ಏನೂ ಬೇಡ, ನನ್ನ ಹೆಂಡತಿಯ ತಮ್ಮ ಬರುತ್ತಾನೆ, ಬುದ್ಧಿವಂತ ಹುಡುಗ, ಅವನ ಕೈಯಲ್ಲಿ ಕ್ಯಾಸೆಟ್ ಕೊಡಿ’ ಎನ್ನುವುದು. ಮಾಮಾ ಆಗಲೇ ಕೋರ್ಟಿಗೆ ಹೋಗಿದ್ದರು. ಅಂಗಡಿಯ ಬೋರ್ಡಿನಿಂದ ಬರೆದುಕೊಂಡಿದ್ದ ನಂಬರ್ ಒತ್ತಿದೆ.

“ಹ್ಞಾಂ... ಸದರಿ ನಾನು ವಕೀಲ ಮಾತನಾಡುತ್ತಿದ್ದೇನೆ. ನಿನ್ನೆಯ ಘಟನೆಯ ಬಗ್ಗೆ ನನಗೆ ತೀವ್ರ ವಿಷಾದವಿದೆ...”

ಅಬ್ಬಾ, ಏನು ದನಿ! ನನಗೇ ಎದ್ದು ನಿಂತು ನಮಸ್ಕಾರ ಮಾಡುವ ಹಾಗಾಯಿತು.

ಆಚೆ ಕಡೆಯಿಂದ ಕಾಕಾ ಕೇಳಿದರು: “ಯಾವ ವಕೀಲ?”

“ನಿನ್ನೆ ಬಂದಿದ್ದ ವಕೀಲ.”

“ಅವರು ನನ್ನ ಎದುರಿಗೆ ಕೂತು ಚಹಾ ಕುಡೀತಿದ್ದಾರಲ್ಲ!”

ಫೋನ್ ಕೈ ಬದಲಾದ ಸದ್ದು. ಬಸಿಯಲ್ಲಿ ಕಪ್ ಇಟ್ಟ ಸದ್ದು. ಆಮೇಲೆ ಅಸಲಿ ದನಿ, ಕನ್ನಡದಲ್ಲಿ:

“ಹ್ಞಾಂ... ಹಲೋ. ನಾನು ಮಾತಾಡ್ಲಿಕ್ಕತ್ತೀನಿ. ಈಗ ಹೇಳು, ನಾನು ಯಾರು?”

ಮಾಮಾ ಪಾಪ, ರಾಜಿ ಮಾಡಿಕೊಳ್ಳಲು ಕೋರ್ಟಿನ ದಾರಿಯಲ್ಲಿ ಅಲ್ಲಿಗೆ ಹೋಗಿದ್ದರು! ಆದರೆ ರಾಜಿ ಮಾಡಿಸಿದ್ದು ನನ್ನ ಮಾನಭಂಗ. ಕಾಕಾ ನಕ್ಕು ನಕ್ಕು ಕೆಮ್ಮಿ, ಕೆಮ್ಮಿ ನಕ್ಕು, ಕೊನೆಗೆ ಸಹಿ ಮಾಡಲು ಒಪ್ಪಿದರು. ಒಂದು ಷರತ್ತು: ನಾನು ಬಂದು ಅವರ ಎದುರಿಗೇ ಅವರ ಮಿಮಿಕ್ರಿ ಮಾಡಬೇಕು. ಹೋದೆ. ಗಲ್ಲಿಯ ಅರ್ಧ ಜನ ಸೇರಿದರು. “ನಡೀರಿ ಆಚೆ!” ಎಂದು ಕಾಕಾರ ಹಾಗೆ ಗದರಿದೆ. ಇಬ್ಬರು ಗಿರಾಕಿಗಳು ನಿಜವಾಗಿಯೂ ಎದ್ದು ಹೋದರು. ಕಾಕಾ ಸಹಿ ಹಾಕಿದರು. ಮಾಮಾ ಕೆಂಪು ಮುದ್ರೆ ಒತ್ತಿ, ‘ಸದರಿ ಮಾಲಿನ ಅಸಲಿತನವನ್ನು ಖುದ್ದು ಪರಿಶೀಲಿಸಿದ್ದೇನೆ’ ಎಂದು ತಾವೂ ಸಹಿ ಹಾಕಿದರು. ಕೆಳಗೆ ನಾನೂ ಹಾಕಿದೆ. ದೊಡ್ಡದಾಗಿ.

ಭಾವುಬೀಜ ಬಂತು. ಅಕ್ಕ ಆರತಿ ತಟ್ಟೆ ಹಿಡಿದು ನಿಂತಳು. ನಾನು ಮಣೆಯ ಮೇಲೆ ಕೂತು, ತೊಡೆಯ ಮೇಲಿನ ಲ್ಯಾಪ್‌ಟಾಪಿಗೆ ಡಬ್ಬಿ ಸಿಕ್ಕಿಸಿ, ಡಬ್ಬಿಗೆ ಕ್ಯಾಸೆಟ್ ಸಿಕ್ಕಿಸಿದೆ. ಆಟಗಳು ಒಳಗಿಳಿದವು. ಎಮ್ಯುಲೇಟರ್ ಎದ್ದಿತು. ಟ್ಯಾಂ ಟಡಾಂ! ತೆರೆಯ ಮೇಲೆ ಆಟಗಳ ದೊಡ್ಡ ಪಟ್ಟಿ.

ಮಾಮಾ ಕನ್ನಡಕ ಏರಿಸಿದರು. ಕಾಗದ ಓದಿ ಓದಿ ಅಭ್ಯಾಸವಾದ ಕಣ್ಣು.

“ಪವನ, ಇದರಾಗ ಮೊದಲನೇ ಆಟ ಮಾಡಿದ ಕಂಪನಿ ಒಂದು.”

“ಹೌದ್ರಿ.”

“ಎರಡನೇದು ಬ್ಯಾರೆ ಕಂಪನಿ. ಮೂರನೇದು ಮತ್ತೂ ಬ್ಯಾರೆ.”

“ಹೌದ್ರಿ ಮಾಮಾ.”

“ಇವರೆಲ್ಲಾ ವ್ಯಾಪಾರದಾಗ ವೈರಿಗಳು. ಒಂದು ಪ್ಲಾಸ್ಟಿಕ್ ಡಬ್ಬ್ಯಾಗ ಎಲ್ಲಾರೂ ಪ್ರೀತಿಲೇ ಕೂಡಿ ಕೂತಾರ. ಹೆಂಗ?”

ಆರತಿಯ ಬತ್ತಿ ಚಟಪಟ ಅಂದಿತು.

ಆಗ ಹೊಳೆಯಿತು. ಕ್ಯಾಸೆಟ್ಟೇ ಕಳ್ಳಮಾಲು! ನಮ್ಮ ಬಾಲ್ಯದ ಹಳದಿ ಕ್ಯಾಸೆಟ್ ಕಳ್ಳಮಾಲು. ನಾನು ಚಕ್ಕುಲಿ ತಿನ್ನಿಸಿದ ಯಂತ್ರವೂ ಯಾರದೋ ಯಂತ್ರದ ನಕಲು. ಪುಕ್ಕಟೆ ಕದ್ದಿದ್ದರೆ ಬರೀ ಕಳ್ಳನಾಗುತ್ತಿದ್ದೆ. ಈಗ ‘ಹೌದು, ಈ ಮಾಲು ನನ್ನದೇ’ ಎಂದು ಮುದ್ರೆ ಹೊತ್ತ ಕಾಗದದ ಮೇಲೆ, ಚತುಸ್ಸೀಮೆ ಸಮೇತ, ಬರೆದುಕೊಟ್ಟ ಕಳ್ಳ! ಅದರ ಅಸಲಿತನಕ್ಕೆ ಸಾಕ್ಷಿ ನಮ್ಮ ಮಾಮಾ, ಕೆಂಪು ದೀಪಕ್ಕೆ ನಡೆದು ಹೋಗುವಾಗಲೂ ನಿಲ್ಲುವವರು.

ಮಾಮಾ ನಿಧಾನವಾಗಿ ಕೂತರು. “ಸದರಿ ನಾನು...” ಎಂದರು. ಕನ್ನಡಕ ಕಳಚಿ ತೊಡೆಯ ಮೇಲಿಟ್ಟುಕೊಂಡರು. ಮಿಮಿಕ್ರಿ ಮಾಡಲು ಅಂಥ ಸುವರ್ಣಾವಕಾಶ ಮತ್ತೆ ಸಿಗದು. ಮೊದಲ ಬಾರಿಗೆ ನಾನು ಅದನ್ನು ಬಿಟ್ಟುಕೊಟ್ಟೆ.

“ಇದನ್ನ ಹಿಡೀರಿ” ಎಂದು ಅಕ್ಕ ಆರತಿ ತಟ್ಟೆಯನ್ನು ಗಂಡನ ಕೈಗೆ ಕೊಟ್ಟಳು. ಲ್ಯಾಪ್‌ಟಾಪ್ ಎಳೆದುಕೊಂಡಳು. ಎರಡೇ ನಿಮಿಷ. ಸೇತುವೆ ಆಟ ಮಾಡಿದ ಕಂಪನಿಯೇ ತನ್ನ ಹಳೆ ಆಟಗಳನ್ನೆಲ್ಲ ಒಟ್ಟು ಕಟ್ಟಿ ಮಾರುತ್ತಿತ್ತು. ಬೆಲೆ, ಎರಡು ಪ್ಲೇಟು ಮಿಸಳ್ ತಿಂದಷ್ಟು! ಒಳಗೆ ಕೂತು ಕೆಲಸ ಮಾಡುತ್ತಿದ್ದುದು ಮತ್ತದೇ ಎಮ್ಯುಲೇಟರ್. ಆದರೆ ಕಂಪನಿಯೇ ಕರೆದು ಕೂರಿಸಿದ ಮಿಮಿಕ್ರಿ ಕಲಾವಿದ.

“ಮೊದಲ ನೋಡ್ರಲಾ ಅಂದಿದ್ನಿಲ್ಲೋ?” ಎಂದಳು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಗಲಿಲ್ಲ. ಖರೀದಿಯ ಷರತ್ತುಗಳ ಪುಟ ಬಂತು. ಮಾಮಾ, ಕೈಯಲ್ಲಿ ಆರತಿ ಹಿಡಿದೇ, ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ನಡುವೆ ಎರಡು ಸಲ ಎಣ್ಣೆ ಹಾಕಬೇಕಾಯಿತು.

ಆಮೇಲೆ ಅಕ್ಕ ಆಡಿದಳು. ಮೂವತ್ತೈದು ವರ್ಷದ ಹೆಂಗಸು, ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ, ನಾಲಿಗೆ ಹೊರಗೆ ಚಾಚಿ! ಮೂರು ಸಲ ಹೊಳೆಗೆ ಬಿದ್ದಳು. ನಾಲ್ಕನೇ ಸಲ ಸೇತುವೆ ಮುಗಿಯಿತು, ಕೋಟೆಯ ಬಾಗಿಲು ಬಂತು. “ಪವ್ಯಾ, ಕೈ ಮ್ಯಾಲೆತ್ತು! ಎರಡೂ!” ಎಂದು ಕಿರುಚಿದಳು. ಎತ್ತಿದೆ. ಅನುಮಾನ ಬೇಡವೆಂದು ಮಾಮಾ ಚಕ್ಕುಲಿಯ ಡಬ್ಬಿ ಎತ್ತಿ ಅಟ್ಟದ ಮೇಲಿಟ್ಟರು.

ಬಾಗಿಲು ತೆರೆಯಿತು. ಒಳಗೆ ಕಪ್ಪು ತೆರೆ. ಅದರ ಮೇಲೆ ಒಂದೇ ಸಾಲು: ‘ಅಭಿನಂದನೆ’ ಎನ್ನುವ ಇಂಗ್ಲಿಷ್ ಪದ. ಮರುಕ್ಷಣ ಆಟ ಮತ್ತೆ ಮೊದಲನೆಯ ಸೇತುವೆಗೆ ಹೋಯಿತು.

“ಇಷ್ಟೇನು?” ಎಂದಳು ಅಕ್ಕ.

“ಇಷ್ಟ.”

“ರಾಜಾ ಇಲ್ಲಾ? ನಿಧಿ ಇಲ್ಲಾ?”

“ಅಭಿನಂದನೆ ಅದಲಾ.”

ಅಕ್ಕ ಸೊಂಟಕ್ಕೆ ಸಿಗಿಸಿದ್ದ ಸೆರಗು ಬಿಚ್ಚಿದಳು. “ಇಪ್ಪತ್ಮೂರು ವರ್ಷ ಆ ಕ್ವಾಟಿ ಒಳಗ ಏನೇನೋ ಅದ ಅಂತ ತಿಳಕೊಂಡಿದ್ದೆ. ಇದಕ್ಕಿಂತ ನಿನ್ನ ಚಕ್ಲಿನ ಚಲೋ ಇತ್ತೋ, ಪವ್ಯಾ!” ಎಂದು ನಗತೊಡಗಿದಳು. ನಗುತ್ತಲೇ ಆರತಿ ಎತ್ತಿದಳು. ಮಾತಿಗೆ ತಪ್ಪದವಳು ನಮ್ಮ ಅಕ್ಕ, ಚಕ್ಕುಲಿಯ ಹೆಸರು ಅದೇ ಕೊನೆ.

ನಾನೀಗ ‘ಚಕ್ಲಿ’ ಅಲ್ಲ. ಖರೀದಿ ಪತ್ರಕ್ಕೆ ಅಕ್ಕ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದ್ದಾಳೆ. ಮಾಮಾ ಮನೆಗೆ ಬಂದವರನ್ನು ಅದಕ್ಕೆ ಬೆನ್ನಾಗುವಂತೆ ಕೂರಿಸುತ್ತಾರೆ. ಈಗ ನನ್ನ ಹೆಸರು ‘ಸದರಿ’.

ಮೊನ್ನೆ ಶಿಂದೆ ಕಾಕಾರ ಗಲ್ಲಿಯಲ್ಲಿ ಹಾದುಹೋದೆ. ಎರಡು ಹಳೆಯ ಬೋರ್ಡುಗಳ ಕೆಳಗೆ ಮೂರನೆಯದು, ಬಣ್ಣ ಇನ್ನೂ ಹಸಿ:

‘ಇಲ್ಲಿ ಸ್ಟ್ಯಾಂಪ್ ಪೇಪರಿಗೆ ಸಹಿ ಹಾಕುವುದಿಲ್ಲ. ವಕೀಲರ ದನಿಯಲ್ಲಿ ಫೋನ್ ಮಾಡಬೇಡಿ. ವಕೀಲರು ಇಲ್ಲೇ ಇರುತ್ತಾರೆ.’

ಇಡೀ ಪುಣೆಯಲ್ಲಿ ತನ್ನೊಬ್ಬನ ಸಲುವಾಗಿಯೇ ಬೋರ್ಡು ಬರೆಸಿಕೊಂಡವರು ಎಷ್ಟು ಜನ ಇದ್ದಾರು? ಹೆಮ್ಮೆಯಿಂದ ಅದರ ಕೆಳಗೆ ನಿಂತು, ಒಂದು ಫೋಟೋ ತೆಗೆಯಿರಿ ಎಂದು ಕಾಕಾರ ಕೈಗೇ ಫೋನ್ ಕೊಟ್ಟೆ.

“ಬೇಗ ನಗು” ಎಂದರು ಕಾಕಾ. “ಒಂದು ಗಂಟೆಯಾಗುತ್ತಾ ಬಂತು.”

ನಗುವಷ್ಟರಲ್ಲಿ ಒಂದಾಯಿತು. ಬಾಗಿಲು ಮುಚ್ಚಿತು. ನನ್ನ ಫೋನ್ ಒಳಗೇ ಉಳಿಯಿತು. ನಾಲ್ಕರವರೆಗೆ ಕಟ್ಟೆಯ ಮೇಲೆ ಕೂತಿದ್ದೆ, ಮುಖ ಸಣ್ಣ ಮಾಡಿಕೊಂಡು.