ಭಾವ ‘ಇರು’ ಅನ್ನಲಿಲ್ಲ

ನೆಂಟರ ಮನೆಗೆ ಹೋಗುವುದು ಸುಲಭ. ಎದ್ದು ಬರುವುದೂ ಅಂಥ ಕಷ್ಟವೇನಲ್ಲ. ಕಷ್ಟವಿರುವುದು ‘ಇನ್ನೆರಡು ದಿನ ಇದ್ದು ಹೋಗಿ’ ಎಂಬ ಮಾತನ್ನು ಅರ್ಥ ಮಾಡಿಕೊಳ್ಳುವುದರಲ್ಲಿ. ಅದು ಮನಸ್ಸಿನಿಂದ ಬಂತೋ, ಬಾಗಿಲ ತನಕ ಕಳಿಸಿಕೊಡುವ ಮರ್ಯಾದೆಗೆ ಬಂತೋ ಹೇಳಬಲ್ಲವರು ಯಾರು? ಬ್ಯಾಂಕಿನ ಕೌಂಟರಿನಲ್ಲಿ ಕೂತು ಜನರ ಸಹಿ ನೋಡುತ್ತಲೇ ನಿವೃತ್ತನಾದ ನನಗೆ ಅಸಲಿ ಯಾವುದು, ನಕಲಿ ಯಾವುದು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ ಎಂಬ ಜಂಬವಿತ್ತು. ಈ ಚಳಿಗಾಲ ಟಿ. ದಾಸರಹಳ್ಳಿಯಲ್ಲಿ ಅದು ಇಳಿಯಿತು.

ನಾನು ದಾವಣಗೆರೆಯಿಂದ ಅಲ್ಲಿಗೆ ಹೋದದ್ದು ನನ್ನ ಅಕ್ಕ ಗಿರಿಜಕ್ಕನ ಮೊಮ್ಮಗಳ ನಾಮಕರಣಕ್ಕೆ. ಹೆಸರಿಟ್ಟಾಯಿತು, ಹೋಳಿಗೆ ಉಂಡಾಯಿತು, ತೊಟ್ಟಿಲ ಸಮೇತ ಕೂಸು ತನ್ನ ಮನೆಗೆ ಹೋಯಿತು. ಬಂದವರೆಲ್ಲ ಚದುರಿದ ಮೇಲೂ ನಾನೊಬ್ಬ ಉಳಿದೆ. ಭಾನುವಾರದ ರೈಲಿಗೆ ಟಿಕೆಟ್ ಇತ್ತು ಅನ್ನುವುದು ನೆಪ. ನಿಜವಾದ ಕಾರಣ ಮಹಡಿಯ ಮೇಲಿನ ಬಿಸಿಲು. ಬೆಳಗಿನ ಚಳಿಗೆ ಕೈಕಾಲು ಮುದುಡಿಕೊಂಡು ಎದ್ದು, ತಿಂಡಿ ಮುಗಿಸಿ, ತಾರಸಿಯಲ್ಲಿ ಚಾಪೆ ಹಾಸಿ ಬೆನ್ನು ಕಾಯಿಸುತ್ತಾ ಅಕ್ಕನೊಡನೆ ಅವರೇಕಾಯಿ ಸುಲಿಯುವ ಸುಖ ಪಿಂಚಣಿಗಿಂತ ದೊಡ್ಡದು. ಕೈ ಕಾಳು ಬಿಡಿಸುತ್ತಿತ್ತು, ಬಾಯಿ ಚಿಕ್ಕಂದಿನ ಕತೆ ಬಿಡಿಸುತ್ತಿತ್ತು. ಸೋದರತ್ತೆಯ ಮೂಗುತಿ ಉಪ್ಪಿಟ್ಟಿನಲ್ಲಿ ಬಿದ್ದು ಊರಿಗೆ ಊರೇ ಉಪ್ಪಿಟ್ಟು ಕೆದಕಿದ ಕತೆ ಹೇಳಿದಾಗ ಅಕ್ಕ ನಕ್ಕ ನಗೆಗೆ ಪಕ್ಕದ ನೀರಿನ ಟ್ಯಾಂಕಿನ ಮೇಲಿದ್ದ ಪಾರಿವಾಳಗಳು ಎದ್ದು ಹೋದವು.

ಅಕ್ಕ ದಿನಾ ಹೇಳುತ್ತಿದ್ದಳು: “ಸಂಕ್ರಾಂತಿ ಮುಗಿಸ್ಕೊಂಡು ಹೋಗೋ. ಅಲ್ಲಿ ಹೋಗಿ ಏನ್ ಕಡಿದು ಕಟ್ಟೆ ಹಾಕೋದೈತಿ?” ಕೆಳಮನೆಯ ಓನರ್ ನಂಜಮ್ಮನವರಂತೂ ನನ್ನ ಪ್ರಯಾಣವನ್ನೇ ಅಪಚಾರವೆಂದು ಭಾವಿಸಿದ್ದರು. ಆ ಕಟ್ಟಡ ಎದ್ದಿರುವ ಜಾಗದಲ್ಲೇ ಒಂದು ಕಾಲಕ್ಕೆ ರಾಗಿಯ ನಡುವೆ ಅವರೆ ಬೆಳೆದವರು ಅವರು. “ಅವರೇಕಾಯ್ ಕಾಲ್ದಾಗೆ ಯಾರಾನ ಊರ್ ಬುಟ್ಟು ಓಯ್ತಾರಾ ಸಾಮಿ? ಸೊಗಡು ಇಳಿಯೋಗಂಟ ಇರಿ” ಅನ್ನುತ್ತಿದ್ದರು.

ಆದರೆ ಅಕ್ಕನ ಮಾತು ಲೆಕ್ಕಕ್ಕಿಲ್ಲ. ಒಡಹುಟ್ಟಿದವಳು ‘ಹೋಗು’ ಅನ್ನುತ್ತಾಳೆಯೇ? ನಂಜಮ್ಮನವರ ಮಾತೂ ಲೆಕ್ಕಕ್ಕಿಲ್ಲ. ನನಗೆ ಅನ್ನ ಹಾಕುವವರು ಅವರಲ್ಲ. ಮಾತು ಬರಬೇಕಾದದ್ದು ಭಾವನಿಂದ. ಭಾವ ಪೀಣ್ಯದಲ್ಲಿ ಒಂದು ಸಣ್ಣ ಲೇತ್ ವರ್ಕ್‌ಶಾಪ್ ಇಟ್ಟುಕೊಂಡಿದ್ದಾರೆ. ಜೀವಮಾನವಿಡೀ ಆ ಯಂತ್ರಗಳ ಸದ್ದಿನಲ್ಲಿ ನಿಂತೂ ನಿಂತೂ ಮಾತಾಡಿ ಪ್ರಯೋಜನವಿಲ್ಲ ಎಂಬ ತೀರ್ಮಾನಕ್ಕೆ ಬಂದಂತಿದೆ. ಸಂಜೆ ಬರುತ್ತಾರೆ, ಕೈಯ ಗ್ರೀಸು ಉಜ್ಜಿ ತೊಳೆಯುತ್ತಾರೆ, ವಿಭೂತಿ ಹಚ್ಚಿಕೊಳ್ಳುತ್ತಾರೆ, ಉಣ್ಣುತ್ತಾರೆ. ಏನು ಕೇಳಿದರೂ ‘ಹೂಂ’. ಅವರ ಹೂಂಗಳಲ್ಲಿ ಒಳ್ಳೆಯದು, ಕೆಟ್ಟದ್ದು ಬೇರ್ಪಡಿಸುವುದೇ ನನ್ನ ಉದ್ಯೋಗವಾಯಿತು. ಒಂದು ಸಂಜೆ ನಾನು ನಡುಗುವುದನ್ನು ಕಂಡು ತಮ್ಮ ಮಂಕಿ ಟೋಪಿಯನ್ನು ಕೈಗಿತ್ತು “ಹಾಕ್ಕೋ” ಅಂದರು. ನಾನು ಸಂಕ್ರಾಂತಿಯವರೆಗೂ ನಿಶ್ಚಿಂತನಾದೆ. ಮರುದಿನ ಬೆಳಿಗ್ಗೆ ಸ್ಕೂಟರ್ ಹತ್ತುವಾಗ ಅದನ್ನು ವಾಪಸ್ ಇಸಿದುಕೊಂಡರು. ಅದೂ ಸಾಲದೆಂಬಂತೆ ಅಂದು ಸಂಜೆ ಅವರಾಗಿಯೇ ಬಾಯಿ ಬಿಟ್ಟು ಕೇಳಿದರು: “ನಿನ್ನ ಟ್ರೈನ್ ಎಷ್ಟೊತ್ತಿಗೆ?”

ಇನ್ನೇನು ಬೇಕು? ಮರ್ಯಾದಸ್ಥನಿಗೆ ಅಷ್ಟು ಸಾಕು. ಹೆಂಡತಿಗೆ ಫೋನ್ ಮಾಡಿ, “ಭಾನುವಾರ ಬಂದೇ ಬರ್ತೀನಿ, ಅಲ್ಲೀತನಕ ಹೆಂಗಾದ್ರೂ ತಡ್ಕೋ” ಎಂದು ಧೈರ್ಯ ಹೇಳಿದೆ.

ಭಾನುವಾರ ಬ್ಯಾಗು ಕಟ್ಟಿದೆ. ಅಕ್ಕ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಕಟ್ಟಿಕೊಟ್ಟಳು. ನನ್ನ ಮುಖ ನೋಡದೆ ಬ್ಯಾಗಿನ ಜಿಪ್ ನೋಡಿಕೊಂಡೇ “ಹುಷಾರು” ಅಂದಳು. ಭಾವ ಸ್ಕೂಟರ್ ತೆಗೆದು “ಹತ್ತು” ಅಂದರು. ತುಮಕೂರು ರಸ್ತೆಗೆ ಬಂದೆವು. ಯಶವಂತಪುರದ ಸ್ಟೇಷನ್ನಿಗೆ ಹೋಗಬೇಕಾದವರು ಅದರ ತದ್ವಿರುದ್ಧ ದಿಕ್ಕಿಗೆ ತಿರುಗಿಸಿದರು. ಯೂ-ಟರ್ನ್ ಮುಂದಿರಬೇಕು ಅಂದುಕೊಂಡೆ. ಯೂ-ಟರ್ನ್‌ಗಳು ಬಂದವು, ಹೋದವು. ಕೊನೆಗೆ ಮೆಟ್ರೋ ಕಂಬಗಳೂ ಮುಗಿದವು. ನನ್ನನ್ನು ಸಾಗಹಾಕುವ ಅವಸರದಲ್ಲಿ ರೈಲನ್ನೂ ನಂಬದೆ, ಈ ಮನುಷ್ಯ ಸ್ಕೂಟರಿನಲ್ಲೇ ದಾವಣಗೆರೆ ತನಕ ಬಿಟ್ಟು ಬರಲು ಹೊರಟರೇ?

ಮಾಕಳಿಯ ಹತ್ತಿರ ಸ್ಕೂಟರ್ ನಿಂತಿತು. ರಸ್ತೆಬದಿಯಲ್ಲಿ ಹೆಂಗಸೊಬ್ಬಳು ಅವರೇಕಾಯಿ ರಾಶಿ ಹಾಕಿಕೊಂಡು ಕೂತಿದ್ದಳು. ಭಾವ ಒಂದು ಕಾಯಿ ಮುರಿದು ಮೂಸಿ, ನನ್ನ ಮೂಗಿಗೂ ಹಿಡಿದರು. ಎಣ್ಣೆಯಂಥ ಸೊಗಡು ಬೆರಳಿಗೆ ಅಂಟಿತು. ತೂಗಿಸುತ್ತಾ ಹೋದರು, ಹೋದರು. ಕೊನೆಗೆ ಒಂದು ಚೀಲ ತುಂಬಿತು.

“ಭಾವ, ಟ್ರೈನು…”

“ಹೋಗಿರತೈತಿ.”

“ಇಷ್ಟೊಂದು ಯಾರ್ರೀ ಸುಲಿಯೋರು?”

“ನೀನು, ನಿಮ್ಮಕ್ಕ.” ಚೀಲವನ್ನು ಸ್ಕೂಟರಿನ ಮುಂದಿಟ್ಟು, ನನ್ನ ಬ್ಯಾಗನ್ನು ನನ್ನ ತೊಡೆಯ ಮೇಲೆ ಹೇರಿದರು. ಆಮೇಲೆ ಹಿಂದಿರುಗಿ ನೋಡದೆ, ರಸ್ತೆಗೆ ಹೇಳುವವರಂತೆ ಹೇಳಿದರು: “ನೀ ಬಂದ್ಮೇಲೆ ಆಕಿ ನಗ್ತಾಳೆ. ಮೆಟ್ಲು ಹತ್ತೋವಾಗ್ಲೇ ಕೇಳಸತೈತಿ. ನನಗೆ ನಗ್ಸೋಕೆ ಬರಲ್ಲ.”

ಅಷ್ಟೇ. ‘ಇರು’ ಅನ್ನಲಿಲ್ಲ. ಸ್ಕೂಟರ್ ಹೊರಟಿತು. ಹಿಂದೆ ಕೂತಿದ್ದ ನನಗೆ ಗಾಳಿಗೆ ಕಣ್ಣಲ್ಲಿ ನೀರು ಬಂತು, ಗಾಳಿಗೇ ಅನ್ನಿ.

ಮನೆ ಮುಟ್ಟಿದಾಗ ಅಕ್ಕ ಬಾಗಿಲಲ್ಲೇ ನಿಂತಳು. “ಯಾಕೋ, ಏನಾತು?”

“ಟ್ರೈನ್ ತಪ್ಪಿತು” ಅಂದರು ಭಾವ.

ಅಕ್ಕ ಚೀಲ ನೋಡಿದಳು, ಗಂಡನ ಮುಖ ನೋಡಿದಳು, ನಗಲು ಶುರುವಿಟ್ಟಳು. ನಂಜಮ್ಮನವರು ಹೊರಗೆ ಬಂದು, “ಓಗ್ನಿಲ್ವಾ ಸಾಮಿ? ಒಳ್ಳೇದಾಯ್ತು ಬುಡಿ” ಎಂದು ತಮ್ಮ ಮನೆಯ ಮೊರವನ್ನೂ ಕೊಟ್ಟರು. ಭಾವ ಒಳಗೆ ಹೋಗಿ ಕೈ ತೊಳೆದರು. ಅವರ ಮೀಸೆಯ ಕೆಳಗೆ ಏನೋ ಅಲುಗಿದ್ದನ್ನು ನಾನು ಕಂಡೆ.

ಉಳಿದದ್ದು ಹೆಂಡತಿಗೆ ಹೇಳುವ ಕೆಲಸ. ಪಾಪ, ದಾರಿ ಕಾಯುತ್ತಿರುತ್ತಾಳೆ. ತಾರಸಿಗೆ ಹೋಗಿ, ಗಂಟಲು ಸರಿಮಾಡಿಕೊಂಡು, “ನೋಡು, ಬೇಜಾರಾಗಬೇಡ, ಇವರೆಲ್ಲ ಬಿಡ್ತಾನೇ ಇಲ್ಲ…” ಎಂದು ಮೆಲ್ಲಗೆ ಶುರು ಮಾಡಿದೆ.

“ಅಯ್ಯೋ, ಆರಾಮಾಗಿ ಇರ್ರಿ! ನಾನೇ ಹೇಳಬೇಕು ಅಂತಿದ್ದೆ” ಅಂದಳು. ಹಿಂದೆ ಯಾರೋ ಜೋರಾಗಿ ನಗುವುದು ಕೇಳಿಸುತ್ತಿತ್ತು. “ನಮ್ಮ ತಂಗಿ ಬಂದಾಳೆ. ನಿಮ್ಮ ಮಂಚ ಆಕಿಗೆ ಭಾಳ ಹಿಡಿಸೈತಿ. ಸಂಕ್ರಾಂತಿ ಮಾಡ್ಕೊಂಡೇ ಬರ್ರಿ. ಹಾಂ, ಬರೋಕಿಂತ ಮುಂಚೆ ಒಂದು ಫೋನ್ ಮಾಡ್ರಿ ಮತ್ತೆ, ಹಂಗೇ ಬಂದ್ಬಿಡಬೇಡ್ರಿ.”

ಫೋನಿಟ್ಟು ಚೀಲದ ಮುಂದೆ ಕೂತೆ. ಇನ್ನು ಎಷ್ಟು ದಿನ ಬೇಕಾದರೂ ಇಲ್ಲಿರಬಹುದು. ದಾವಣಗೆರೆಗೆ ಹೋದ ಮೇಲೆ ಅಲ್ಲಿ ಎಷ್ಟು ದಿನ ಇರಬಹುದೋ, ಹೆಂಡತಿಯನ್ನೇ ಕೇಳಬೇಕು.