ಸೆಲ್ಫ್ ಸರ್ವಿಸ್ ಹೋಟೆಲಿನಲ್ಲಿ ಕನ್ಯಾ ಪರೀಕ್ಷೆ

ಹೋಟೆಲಿನ ವಿಷಯದಲ್ಲಿ ನನ್ನದು ಹಳೆಯ ಕಾಲದ ಹೊಟ್ಟೆ. ಹೋಗಿ ಕೂತ ಮೇಲೆ ಯಾರಾದರೊಬ್ಬರು ಬಂದು, ನೀರಿನ ಲೋಟ ಕುಕ್ಕಿ, "ಏನ್ ಕೊಡ್ಲಿರಿ?" ಎಂದು ಕೇಳಬೇಕು. ಏನೇನಿದೆ ಎಂದು ನಾನು ವಿಚಾರಿಸಬೇಕು, ಅವನು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಒದರಬೇಕು, ಅಷ್ಟನ್ನೂ ಗಂಭೀರವಾಗಿ ಕೇಳಿಸಿಕೊಂಡು ನಾನು ಉಪ್ಪಿಟ್ಟನ್ನೇ ಹೇಳಬೇಕು. ಹಾವೇರಿಯ ಕೋರ್ಟಿನ ಹತ್ತಿರದ ನನ್ನ ಮಾಮೂಲಿ ಹೋಟೆಲಿನಲ್ಲಿ ಇದು ವರ್ಷಗಳಿಂದ ನಡೆದುಬಂದಿದೆ. ನನಗೆ ಏನು ಬೇಕೆಂಬುದು ಅಲ್ಲಿಯ ಸಪ್ಲೈಯರನಿಗೆ ಚೆನ್ನಾಗಿ ಗೊತ್ತು. ಆದರೂ ಬಂದು ಕೇಳುತ್ತಾನೆ. ಆ ಕೇಳುವುದರಲ್ಲೇ ನನ್ನ ಅರ್ಧ ಹೊಟ್ಟೆ ತುಂಬುತ್ತದೆ.

ಹೀಗಾಗಿ ಊರ ಹೊರಗೆ ಹೆದ್ದಾರಿಯ ಪಕ್ಕ ಆ ದೊಡ್ಡ ಹೋಟೆಲು ಬಂದಾಗ ನನಗೇನೂ ಸಂತೋಷವಾಗಲಿಲ್ಲ. ಬೆಂಗಳೂರಿನಿಂದ ಇತ್ತ ಕಡೆ ಊರೂರಿಗೂ ಅದರ ಶಾಖೆಗಳಿವೆಯಂತೆ. ಎಲ್ಲ ಕಡೆಯೂ ಅದೇ ಕುರ್ಚಿ, ಅದೇ ಬೋರ್ಡು, ಅದೇ ಚಟ್ನಿ. ಕೌಂಟರಿನಲ್ಲಿ ಟೋಕನ್ ತೆಗೆದುಕೊಂಡು, ಗೋಡೆಯ ಮೇಲೆ ನಮ್ಮ ನಂಬರು ಬೆಳಗುವ ತನಕ ಕತ್ತೆತ್ತಿ ನಿಂತು, ತಟ್ಟೆಯನ್ನು ನಾವೇ ಹೊತ್ತು ತರಬೇಕು. ನಾನು ಸರಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಇಡೀ ದಿನ ಜನ ನನ್ನ ಟೇಬಲಿನ ಮುಂದೆ ನಿಂತು ಕಾಯುವುದು ಪ್ರಕೃತಿಯ ನಿಯಮವೆಂದು ನಂಬಿದವನು. ಅಂಥವನು ಒಂದು ದೋಸೆಗಾಗಿ ಲಾರಿ ಡ್ರೈವರುಗಳ ನಡುವೆ ಚೀಟಿ ಹಿಡಿದು ನಿಂತೆ. ದೋಸೆ ಬಹಳ ಚೆನ್ನಾಗಿತ್ತು ಎಂಬುದು ಬೇರೆ ಮಾತು. ಅದನ್ನು ಒಪ್ಪಿಕೊಳ್ಳಲು ಮನಸ್ಸಾಗದೆ, ಸಾಂಬಾರು ಸಿಹಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ.

ಅದೇ ಹೋಟೆಲನ್ನು ನಮ್ಮ ಮಗಳು ವಿದ್ಯಾ ತನ್ನ ಕನ್ಯಾ ಪರೀಕ್ಷೆಗೆ ಆರಿಸಿಕೊಂಡಳು. ಅವಳು ರಾಣೇಬೆನ್ನೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಾಳೆ. ಮನೆಯಲ್ಲಿ ಆಗಲೇ ಹಲವು ಸಲ ವರನ ಕಡೆಯವರು ಬಂದು ಶಿರಾ ತಿಂದು ಹೋಗಿದ್ದರು. ಹಿಂದಿನ ಸಲ ಬಂದಿದ್ದ ಅಜ್ಜಿಯೊಬ್ಬರು, ಕಾಲು ಕುಂಟೋ ಏನೋ ನೋಡಬೇಕೆಂದು, ಇವಳನ್ನು ಅಡುಗೆಮನೆಯ ತನಕ ನಡೆಸಿ ನೋಡಿದ್ದರು. ಅವತ್ತೇ ವಿದ್ಯಾ ಹೇಳಿಬಿಟ್ಟಳು: "ಅಪ್ಪಾ, ತಾಟು ಹಿಡಕೊಂಡು ಬಂದು ಜಮಖಾನದ ಮ್ಯಾಲೆ ಕುಂದ್ರೋದು ಇನ್ನ ನನ್ನ ಕೈಲೆ ಆಗಂಗಿಲ್ಲ. ಯಾರರ ನೋಡೋರಿದ್ರ ಆ ಹೋಟೆಲಿಗೆ ಬರ್ಲಿ. ಅವರು ನನ್ನ ನೋಡ್ಲಿ, ನಾನೂ ಅವರನ್ನ ನೋಡ್ತೀನಿ."

"ಹೋಟೆಲಿಗೆ ಕರದ್ರ ಮನಿಗೆ ಬರಬ್ಯಾಡ್ರಿ ಅಂದಂಗ ಆಗ್ತದ" ಎಂದು ನನ್ನ ಹೆಂಡತಿ ಸರೋಜಾ ಕಣ್ಣೊರೆಸಿಕೊಂಡಳು. ಮುಂದೆ ಬರಬೇಕಾಗಿದ್ದವರು ಬ್ಯಾಡಗಿಯವರು. ತಂದೆ ಮಲ್ಲೇಶಪ್ಪನವರು ಮೆಣಸಿನಕಾಯಿ ವ್ಯಾಪಾರಸ್ಥರು, ಮಗ ಗಿರೀಶ ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುತ್ತಾನೆ. ಒಳ್ಳೆಯ ಮನೆತನ, ಕೈತಪ್ಪಿದರೆ ಇಂಥದ್ದು ಮತ್ತೆ ಸಿಗುವುದಿಲ್ಲ ಎಂದು ನೆಂಟರೆಲ್ಲ ಹೆದರಿಸಿಟ್ಟಿದ್ದರು. ನಾನು ಫೋನಿನಲ್ಲಿ ತಡವರಿಸುತ್ತ ಹೋಟೆಲಿನ ವಿಷಯ ಹೇಳಿದೆ. ಮಲ್ಲೇಶಪ್ಪನವರು "ಬರ್ತೇವ್ರಿ" ಎಂದಷ್ಟೇ ಹೇಳಿ ಫೋನಿಟ್ಟರು. ಸಿಟ್ಟಾಗಿದ್ದಾರೆಂದೇ ನಾನು ತಿಳಿದೆ.

ರವಿವಾರ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೇಗೋ ಒಂದು ಟೇಬಲು ಹಿಡಿದು ಕೂತೆವು. ನಾವು ಮೂವರು ಒಂದು ಕಡೆ. ಎದುರಿಗೆ ಮಲ್ಲೇಶಪ್ಪನವರು, ಅವರ ಹೆಂಡತಿ ನೀಲಮ್ಮನವರು, ಗಿರೀಶ. ಮಲ್ಲೇಶಪ್ಪನವರು ಕೈಕಟ್ಟಿ ಕೂತು ಅತ್ತಿತ್ತ ನೋಡಿದರು.

"ಯಾರೂ ಬರವಲ್ರಲ್ರಿ?"

"ಇಲ್ಲೆ ಯಾರೂ ಬರಂಗಿಲ್ರಿ" ಎಂದೆ, ಹೋಟೆಲು ನನ್ನದೇ ಎಂಬಷ್ಟು ನಾಚಿಕೆಯಿಂದ. "ನಾವ ಹೋಗಿ ತರಬೇಕ್ರಿ."

ಅವರು ನನ್ನನ್ನು ನೋಡಿದ ರೀತಿಗೆ ನಾನು ಎದ್ದುಬಿಟ್ಟೆ. ಅಷ್ಟರಲ್ಲಿ ಗಿರೀಶ ಎದ್ದ. "ನೀವು ಕುಂದರ್ರಿ, ನಾ ತರ್ತೀನಿ." "ಇಷ್ಟು ಮಂದೀದು ಒಬ್ಬರ ಕೈಯಾಗ ಬರಂಗಿಲ್ಲ" ಎನ್ನುತ್ತ ವಿದ್ಯಾ ಕೂಡ ಎದ್ದಳು. ಇಬ್ಬರೂ ಕೌಂಟರಿನ ಮುಂದಿನ ಪಾಳಿಯಲ್ಲಿ ಸೇರಿಹೋದರು.

ಮನೆಯಲ್ಲಾದರೆ ಹುಡುಗ ಹುಡುಗಿ ಮಾತಾಡಲಿ ಎಂದು ಒಳಗಿನ ಕೋಣೆಗೆ ಕಳಿಸಿ, ಉಳಿದವರೆಲ್ಲ ಕಿವಿಯನ್ನು ಬಾಗಿಲಿಗೆ ಕಳಿಸುತ್ತಿದ್ದೆವು. ಯಾರಾದರೊಬ್ಬರು ಬಾಚಣಿಗೆ ಹುಡುಕುವ ನೆವದಿಂದ ಒಳಗೂ ಹೋಗಿಬರುತ್ತಿದ್ದರು. ಇಲ್ಲಿ ಗದ್ದಲವೋ ಗದ್ದಲ. ಅವರಿಬ್ಬರ ಬೆನ್ನು ಬಿಟ್ಟರೆ ಏನೂ ಕಾಣಿಸದು.

"ಏನ್ ಮಾತಾಡಾಕತ್ತಾರ?" ಎಂದು ಸರೋಜಾ ನನ್ನ ಮೊಣಕೈ ತಿವಿದಳು.

"ಟೋಕನ್ ನಂಬರ್ ಇರಬೇಕು" ಎಂದೆ. ಆಗಲೇ ವಿದ್ಯಾ ತಲೆ ಹಿಂದಕ್ಕೆ ಹಾಕಿ ಗೊಳ್ಳನೆ ನಕ್ಕಳು. ನಮ್ಮ ಜಮಖಾನದ ಮೇಲೆ ಆ ನಗು ಒಮ್ಮೆಯೂ ಕೇಳಿಸಿರಲಿಲ್ಲ. ನನಗೆ ಸಂತೋಷವೂ ಆಯಿತು, ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು.

ಮಲ್ಲೇಶಪ್ಪನವರು ನನ್ನ ಕಡೆ ಬಾಗಿದರು. ಬೈಯುತ್ತಾರೆಂದುಕೊಂಡೆ. "ಖರೇ ಹೇಳಲೇನ್ರಿ? ಇವನ ಸಂಬಂಧ ಎಷ್ಟೋ ಮನಿ ತಿರಗೇನಿ. ಹೋದಲ್ಲೆಲ್ಲಾ ಶಿರಾ. ನನಗ ನೋಡಿದ್ರ ಸಕ್ಕರಿ ಬ್ಯಾನಿ. ಬ್ಯಾಡಂದ್ರ ಸಂಬಂಧನ ಬ್ಯಾಡಂತ ತಿಳಕೋತಾರ, ತಿಂದ್ರ ಡಾಕ್ಟರ್ ಬೈತಾನ. ನೀವು ಹೋಟೆಲ್ ಅಂದ ಕೂಡ್ಲೆ ಜೀವ ಹಗುರಾತು."

ನಾನು ತಕ್ಷಣ, "ಅದಕ್ಕ ಅಲ್ಲೇನ್ರಿ ನಿಮ್ಮನ್ನ ಇಲ್ಲಿಗೆ ಕರದಿದ್ದು" ಎಂದುಬಿಟ್ಟೆ. ಸರೋಜಾ ನನ್ನನ್ನು ದುರುಗುಟ್ಟಿ ನೋಡಿದಳು.

ತಟ್ಟೆಗಳು ಬಂದವು. ಮಲ್ಲೇಶಪ್ಪನವರು ಸಾಂಬಾರಿನ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿ, "ಬಣ್ಣ ನಮ್ಮ ಬ್ಯಾಡಗೀದು. ರುಚಿ ಯಾರದೋ!" ಎಂದು ಬಟ್ಟಲನ್ನು ದೂರ ಸರಿಸಿದರು. ಸರೋಜಾಳ ಕಷ್ಟ ಬೇರೆ. ಬೀಗರಾಗುವವರು ಎದುರಿಗೆ ಕೂತು ಉಣ್ಣುತ್ತಿದ್ದಾರೆ, ಬಡಿಸಲು ಕೈಯಲ್ಲಿ ಸೌಟಿಲ್ಲ. ತಡೆಯಲಾಗದೆ ತನ್ನ ವಡೆಯನ್ನು ಮುರಿದು, "ಇನ್ನೊಂದೀಟು ತಗೋರಿ" ಎಂದು ನೀಲಮ್ಮನವರ ತಟ್ಟೆಗೆ ಹಾಕಿದಳು. ಅವರು ಸುಮ್ಮನಿರುವವರೇ? ತಮ್ಮ ದೋಸೆಯ ಅರ್ಧ ಇವಳ ತಟ್ಟೆಗೆ ಹಾಕಿದರು. ಕೊನೆಗೆ ಯಾರದು ಯಾರ ಹೊಟ್ಟೆಗೆ ಹೋಯಿತೋ ತಿಳಿಯಲಿಲ್ಲ.

ಇನ್ನು ಮುಖ್ಯ ಮಾತು. ವರನ ಕಡೆಯವರ ಅಭಿಪ್ರಾಯವನ್ನು ಹಗುರವಾಗಿ ಕೇಳುವ ಕೆಲಸ ಹುಡುಗಿಯ ತಂದೆಯದು. ಎರಡು ದಿನದಿಂದ ನಾನು ಅದರ ತಾಲೀಮು ನಡೆಸಿದ್ದೆ. ಕೆಮ್ಮಿದೆ. ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಮಲ್ಲೇಶಪ್ಪನವರ ಕುರ್ಚಿಯ ಹಿಂದೆ ಒಂದು ಕುಟುಂಬ ತಟ್ಟೆ ಹಿಡಿದು ನಮ್ಮ ಟೇಬಲಿಗಾಗಿ ಕಾಯುತ್ತ ನಿಂತಿತ್ತು. ಅದರ ಯಜಮಾನ ಸಹನೆ ಕಳೆದುಕೊಂಡು ಬಾಗಿ ಕೇಳಿದ:

"ಆತೇನ್ರಿ ನಿಮ್ದು?"

ಮಲ್ಲೇಶಪ್ಪನವರು ತಿರುಗಿಯೂ ನೋಡದೆ, ಕೈ ಒರೆಸಿಕೊಳ್ಳುತ್ತ ಹೇಳಿದರು: "ನಮ್ಮ ಕಡಿಂದ ಆತ್ರಿ. ಹುಡುಗಿ ನಮಗ ಪಸಂದ ಅದಾಳ. ಇನ್ನ ಅವರನ್ನ ಕೇಳ್ರಿ."

ಆ ಮನುಷ್ಯ ಕಕ್ಕಾಬಿಕ್ಕಿಯಾಗಿ ನನ್ನ ಕಡೆ ತಿರುಗಿದ. "ನಿಮ್ದರೀ?"

ನಾನು ಸರೋಜಾಳನ್ನು ನೋಡಿದೆ. ಸರೋಜಾ ವಿದ್ಯಾಳನ್ನು ನೋಡಿದಳು. ವಿದ್ಯಾ ಗಿರೀಶನನ್ನು ಒಮ್ಮೆ ನೋಡಿ, "ನಂದೂ ಆತಪ್ಪ" ಎಂದಳು.

"ಆತಂದ್ರ ಲಗೂ ಏಳ್ರಲ್ಲಾ, ಕೈ ಸುಡಾಕತ್ತಾವ!" ಎಂದ ಆತ. ಎಲ್ಲರೂ ಎದ್ದೆವು. ಹೊರಗೆ ಕಾರುಗಳ ನಡುವೆ ನಿಂತು ನೀಲಮ್ಮನವರು ತಮ್ಮ ಪರ್ಸಿನಿಂದ ಕುಂಕುಮದ ಡಬ್ಬಿ ತೆಗೆದು ವಿದ್ಯಾಳ ಹಣೆಗೆ ಹಚ್ಚಿದರು. ಅಲ್ಲಿಗೆ ಸಂಬಂಧ ಗಟ್ಟಿಯಾಯಿತು.

ಈಗ ಮನೆಗೆ ಬಂದ ನೆಂಟರಿಗೆಲ್ಲ ಸರೋಜಾ ಈ ಕಥೆಯನ್ನು ಬಣ್ಣ ಕಟ್ಟಿ ಹೇಳುತ್ತಾಳೆ. ಹುಡುಗ ತಟ್ಟೆ ತಂದದ್ದು, ಹುಡುಗಿ ನಕ್ಕದ್ದು, ತಾನು ವಡೆ ಬಡಿಸಿದ್ದು, ಬೀಗರು ಒಪ್ಪಿದ್ದು, ಎಲ್ಲ ಬರುತ್ತದೆ. ಕೇಳಿ ಮುಗಿಸಿದ ನೆಂಟರು ಮರ್ಯಾದೆಗಾಗಿ ನನ್ನ ಕಡೆ ತಿರುಗಿ, ಹುಡುಗಿಯ ತಂದೆಯಾಗಿ ನೀವೇನು ಮಾಡಿದಿರಿ ಎಂದು ಕೇಳುತ್ತಾರೆ. ಸುಳ್ಳು ಹೇಳೋಣವೆಂದರೆ ಪಕ್ಕದಲ್ಲೇ ಸರೋಜಾ ಇರುತ್ತಾಳೆ. ಇದ್ದದ್ದನ್ನೇ ಹೇಳುತ್ತೇನೆ: ಕುರ್ಚಿ ಬಿಟ್ಟುಕೊಟ್ಟೆ.