‘ಇಲ್ಲ’ ಎಂದು ಬರೆಯದ ರೆಕಾರ್ಡ್ ಕೀಪರು

ಒಂದೇ ಒಂದು ಪ್ರಶ್ನೆಗೆ ಇಡೀ ತಾಲ್ಲೂಕು ಕಚೇರಿ ನಿಂತುಹೋಗುತ್ತದೆ ಎಂದರೆ ಹೊರಗಿನವರು ನಂಬುವುದಿಲ್ಲ. ಒಳಗಿದ್ದ ನಮಗೆ ತಿಂಗಳಿಗೊಮ್ಮೆಯಾದರೂ ಆಗುತ್ತಿತ್ತು. ಎಪ್ಪತ್ತರ ದಶಕದ ಮಾತು. ಕಚೇರಿ ಹಿರಿಯೂರಿನದೋ ಹೊಸದುರ್ಗದ್ದೋ ಹೊಳಲ್ಕೆರೆಯದೋ ಕೇಳಬೇಡಿ, ಮೂರೂ ಊರಲ್ಲಿ ನನಗೆ ನೆಂಟರಿದ್ದಾರೆ. ನಮ್ಮ ರೆಕಾರ್ಡ್ ರೂಮಿನ ಹಳೇ ಕೀಪರಿಗೆ ಎರಡು ನೇಮ. ಕೈಗೆತ್ತಿಕೊಂಡ ಅರ್ಜಿ ಮುಗಿಯದೆ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ಯಾವ ಅರ್ಜಿಯ ಮೇಲೂ ‘ದಾಖಲೆ ಇಲ್ಲ’ ಎಂದು ಬರೆಯುತ್ತಿರಲಿಲ್ಲ. ಇಡೀ ಸರ್ವೀಸಿನಲ್ಲಿ ಒಮ್ಮೆಯೂ ಬರೆದಿಲ್ಲವೆಂಬುದೇ ಅವರ ಹೆಮ್ಮೆ. ಇವರನ್ನು ಸೋಲಿಸುವ ಪ್ರಶ್ನೆ ಎಂಥದ್ದಿರಬಹುದು ಎಂಬ ಕುತೂಹಲ, ಅವರ ಕೈಕೆಳಗಿನ ಗುಮಾಸ್ತನಾದ ನನಗೆ ಮೊದಲಿಂದಲೂ ಇತ್ತು.

೧. ಅದಕ್ಕೂ ಮುಂಚೆ

ಕುರಿ ಸಾಕುವ ಅಜ್ಜನೊಬ್ಬ ಬಂದು, ತನ್ನ ಹೊಲ ಹಿಂದೆ ಯಾರ ಹೆಸರಲ್ಲಿತ್ತು ಎಂದು ಕೇಳಿದ. ಕೀಪರು ಹುಡುಕಿ ಅವನ ಅಪ್ಪನ ಹೆಸರು ಹೇಳಿದರು.

“ಅದ್ಕೂ ಮುಂಚೆ?”

ಏಣಿ ಹತ್ತಿ ಇನ್ನೊಂದು ಕಟ್ಟು ಬಿಚ್ಚಿದರು. ತಾತನ ಹೆಸರು ಸಿಕ್ಕಿತು.

“ಅದ್ಕೂ ಮುಂಚೆ?”

ಮಧ್ಯಾಹ್ನದ ಹೊತ್ತಿಗೆ ಮುಟ್ಟಿದರೆ ಪುಡಿಯಾಗುವ ಕಾಗದಗಳು ಹೊರಬಿದ್ದವು. ಹೊರಗೆ ಜನರ ಸಾಲು ಬೇವಿನ ಮರದವರೆಗೆ ಬೆಳೆದಿತ್ತು. “ಯಾಕಜ್ಜ, ಕೋರ್ಟಲ್ಲಿ ಕೇಸೇನಾದ್ರೂ ಐತಾ?” ಎಂದೆ.

“ಏ ಇಲ್ಲಪ್ಪ, ನಮ್ಮೂರ ಬಸ್ಸು ಮೂರಕ್ಕೆ ಐತೆ. ಅಲ್ಲೀತಂಕ ಹೊತ್ತು ಹೋಗ್ಬೇಕಲ್ಲ.”

೨. ಅತ್ತ ನೋಡಿ, ಇತ್ತ ನೋಡಿ

ಮೇಷ್ಟ್ರೊಬ್ಬರು ದಾರಿ ತಕರಾರಿನ ಹಳೇ ಆದೇಶ ಕೇಳಿದರು. ದಾರಿಯ ಕಡತ ತೆಗೆದರೆ ‘ಬಾವಿಯ ಕಡತ ನೋಡಿ’ ಎಂದಿತ್ತು. ಬಾವಿಯ ಕಡತದಲ್ಲಿ ‘ದಾರಿಯ ಕಡತ ನೋಡಿ’ ಎಂದಿತ್ತು. ಕೀಪರು ಎರಡು ಬೀರುಗಳ ನಡುವೆ ಓಡಾಡತೊಡಗಿದರು. ಹನ್ನೊಂದು ಸಲದವರೆಗೆ ನಾನು ಎಣಿಸಿದೆ.

“ಎಲ್ಲೀತಂಕ ಓಡಾಡ್ತೀರಿ ಸಾರ್?”

“ಯಾವ್ದಾದ್ರೂ ಒಂದು ಕಡತ ಸುಸ್ತಾಗ್ಬೇಕಲ್ಲಯ್ಯ!”

೩. ಕೊನೇ ಅರ್ಜಿ

ಕೀಪರು ನಿವೃತ್ತರಾಗುವ ದಿನವೇ ದುರ್ಗದ ಜಿಲ್ಲಾ ಕಚೇರಿಯಿಂದ ಕಾಗದ ಬಂತು: ನಿಮ್ಮ ಜನನ ದಾಖಲೆಯ ನಕಲನ್ನು ಸಂಜೆಯೊಳಗೆ ಕಳಿಸಿ, ಇಲ್ಲದಿದ್ದರೆ ನಿವೃತ್ತಿ ಆದೇಶ ಹೊರಡುವುದಿಲ್ಲ. ಅವರು ಹುಟ್ಟಿದ್ದು ಇದೇ ತಾಲ್ಲೂಕಿನಲ್ಲಿ. ತಾವೇ ಅರ್ಜಿ ಬರೆದುಕೊಂಡು ತಾವೇ ಹುಡುಕತೊಡಗಿದರು. ಜನನದ ಪುಸ್ತಕಗಳಲ್ಲಿ ಅವರ ಅಕ್ಕ ಇದ್ದಳು, ತಮ್ಮ ಇದ್ದ, ಅವರೊಬ್ಬರೇ ಇರಲಿಲ್ಲ. ಮೇಜಿನ ಮೇಲೆ ಬೀಳ್ಕೊಡುಗೆಯ ಹಾರ ಬಾಡುತ್ತಿತ್ತು. ಹೊರಗೆ ಸಾಲು ಮತ್ತೆ ಬೇವಿನ ಮರ ಮುಟ್ಟಿತ್ತು.

ನಾಲ್ಕು ಗಂಟೆಗೆ ಶಿರಸ್ತೇದಾರರೇ ಒಳಗೆ ಬಂದರು. “ಜನ ಕಾಯ್ತಾ ಅವ್ರೆ. ಇಲ್ಲ ಅಂತ ಬರ್ದು ಕೊಡ್ರಿ, ಮುಂದಿಂದು ನಾನು ನೋಡ್ಕಳ್ತೀನಿ.”

ಕೀಪರು ಪೆನ್ನಿನ ಮುಚ್ಚಳ ಬಿಚ್ಚಿದರು. ಅಷ್ಟು ದಿನ ಕುತೂಹಲಪಟ್ಟ ನಾನೇ ಆಗ ಮುಖ ತಿರುಗಿಸಿದೆ. ಕೊನೆಗೆ ಬರೆದರು: ‘ದಾಖಲೆ ಇಲ್ಲ.’

ಸಾಲಿನ ಮುಂದೆ ಅದೇ ಕುರಿಯ ಅಜ್ಜ ನಿಂತಿದ್ದ. ಏನಾಯ್ತೆಂದು ಕೇಳಿದ. ಕೀಪರು ಹುಟ್ಟಿದ್ದಕ್ಕೆ ದಾಖಲೆ ಸಿಗಲಿಲ್ಲ, ಅದಕ್ಕೇ ನಿವೃತ್ತಿಗೆ ತೊಡಕಾಗಿದೆ ಎಂದೆ.

ಅಜ್ಜ ಹೆಗಲ ಕಂಬಳಿ ಸರಿಮಾಡಿಕೊಂಡ. “ಅಂಗನ್ನು ಮತ್ತೆ! ನಮ್ ಹಟ್ಟ್ಯಾಗೆ ಯಾರ್ ಹುಟ್ಟಿದ್ದೂ ಬರ್ಸಿಲ್ಲ. ಅದ್ಕೇ ಒಬ್ರೂ ರಿಟೈರಾಗಿಲ್ಲ ನೋಡು.”